ಹ್ಯಾಂಡಲ್ ನಡುಗಿದ್ದರ ಬಗ್ಗೆ

ಉಡುಪಿ

ಚಿ. ಶ್ರೀಶನಿಗೆ ಮಾವನ ಆಶೀರ್ವಾದಗಳು.

ನಿನ್ನ ಪತ್ರದಲ್ಲಿ ಒಂದು ಸಾಲು ನಿದ್ದೆ ಕೆಡಿಸಿತು. ಮೂಲ್ಕಿ ದಾಟಿದ ಮೇಲೆ ಬೈಕಿನ ವೇಗ ಗಂಟೆಗೆ 70 ಕಿಲೋಮೀಟರಿನಿಂದ 60ಕ್ಕೆ ಇಳಿಯುವಾಗ ಒಂದು ಕೈ ಬಿಟ್ಟದ್ದೇ ತಡ, ಹ್ಯಾಂಡಲ್ ಗಡಗಡ ನಡುಗಿತು ಅಂದೆ. "ಬೈಕ್ ಬೀಳದೆ ಓಡುವುದರ ನನ್ನ ಲೆಕ್ಕದಲ್ಲಿ ಈ ನಡುಕವೇ ಇಲ್ಲ ಮಾವ, ಯಾವುದನ್ನು ನಂಬಲಿ?"

ನಡುಕವನ್ನು ನಂಬು ಮಾರಾಯ. ನಿನ್ನ ಲೆಕ್ಕ ತಪ್ಪಿಲ್ಲ, ಆದರೆ ಅದರೊಳಗೆ ಟಯರೇ ಇಲ್ಲ. ಸೈಕಲ್ ಬೀಳದೆ ಓಡುವುದಕ್ಕೆ ವಿಪ್ಪಲ್ ಎಂಬವರು 1899ರಲ್ಲಿ ಕೊಟ್ಟ ಸಮೀಕರಣದಲ್ಲಿ ಚಕ್ರವೆಂದರೆ ಕತ್ತಿಯ ಅಲಗು, ಅಡ್ಡಕ್ಕೆ ಜಾರುವುದೇ ಇಲ್ಲ. ಸೈಕಲ್ಲಿಗೆ ಅಷ್ಟು ಸಾಕು. ಮೋಟಾರ್ ಸೈಕಲ್ಲಿಗೆ 1971ರಲ್ಲಿ ಶಾರ್ಪ್ ಎಂಬ ಸಂಶೋಧಕರು ಟಯರಿನ ಜಾರುವಿಕೆಯನ್ನೂ ಅದರ ಬಲ ತಡವಾಗಿ ಹುಟ್ಟುವುದನ್ನೂ ಸೇರಿಸಿದರು. ಆಗ ಮೂರು ಬಗೆ ಕಂಡವು: ಮೆಲ್ಲಗೆ ಒಂದು ಬದಿಗೆ ಮಗುಚುವ ಕ್ಯಾಪ್ಸೈಜ್, ಇಡೀ ಗಾಡಿ ಹಾವಿನಂತೆ ಹೊರಳುವ ವೀವ್, ಹ್ಯಾಂಡಲ್ ಮಾತ್ರ ಬಡಿದುಕೊಳ್ಳುವ ವಾಬಲ್. ವೀವ್ ಸೆಕೆಂಡಿಗೆ 2ರಿಂದ 4 ಸಲ, ವಾಬಲ್ 6ರಿಂದ 10 ಸಲ. ನಿನ್ನದು ವಾಬಲ್.

ತಡವೆಂದರೆ ಎಷ್ಟು ನೋಡು. ಟಯರ್ ಸುಮಾರು 20 ಸೆಂಟಿಮೀಟರ್ ಉರುಳಿದ ಮೇಲಷ್ಟೇ ಅಡ್ಡ ಬಲ ಬಹುಪಾಲು ಏರುತ್ತದೆ ಎಂದಿಟ್ಟುಕೊ. 60 ಕಿಲೋಮೀಟರ್ ವೇಗದಲ್ಲಿ ಅದಕ್ಕೆ 0.012 ಸೆಕೆಂಡ್. ಒಂದು ಪೂರ್ತಿ ನಡುಕವನ್ನು 360 ಡಿಗ್ರಿ ಎಂದುಕೊಂಡರೆ, ಸೆಕೆಂಡಿಗೆ 8 ಸಲ ನಡುಗುವ ಹ್ಯಾಂಡಲಿಗೆ ಇದು ಸುಮಾರು 30 ಡಿಗ್ರಿ ಹಿಂದೆ ಬೀಳುವುದಕ್ಕೆ ಸಮ. ನೇರ ಮಾಡಬೇಕಾದ ಬಲ ತಡವಾಗಿ ಬಂದು, ತಡೆಯುವ ಬದಲು ಇನ್ನಷ್ಟು ತಳ್ಳುತ್ತದೆ. ಪಾಠ ಮಾಡುತ್ತಿದ್ದ ಅಷ್ಟೂ ವರ್ಷ ನಾನು ಬೋರ್ಡಿನ ಮೇಲೆ ಗಟ್ಟಿ ಚಕ್ರವನ್ನೇ ಬರೆದೆ. ಟ್ರೇಲ್, ಅಂದರೆ ಹ್ಯಾಂಡಲ್ ತಿರುಗುವ ಅಕ್ಷದ ಗೆರೆ ನೆಲ ಮುಟ್ಟುವ ಜಾಗಕ್ಕಿಂತ ಟಯರ್ ನೆಲ ಮುಟ್ಟುವ ಜಾಗ ಹಿಂದೆ ಇರುವ ಅಂತರ, ಇದ್ದರೆ ಹ್ಯಾಂಡಲ್ ತಾನಾಗಿ ನೇರವಾಗುತ್ತದೆ ಅಂದೆ, ಎಷ್ಟು ತಡವಾಗಿ ಎಂದು ಹೇಳಲೇ ಇಲ್ಲ. ಆ ಬೇಸರ ಈಗಲೂ ಉಂಟು.

ಲೆಕ್ಕಕ್ಕೆ ಟಯರಿನ ತಡ ಸೇರಿಸಿದ ಮೇಲೆ ಮುಂದಿನ ಚಕ್ರವನ್ನು ಹಿಡಿಯುವ ಫೋರ್ಕ್ ಪಕ್ಕಕ್ಕೆ ಬಾಗುವುದನ್ನೂ ಸೇರಿಸು. ಗಟ್ಟಿ ಚೌಕಟ್ಟಿನಲ್ಲಿ ವಾಬಲ್ ಹೆಚ್ಚಿನ ವೇಗದಲ್ಲಿ ಜೋರಾಗುತ್ತದೆ, ಬಾಗುವ ಚೌಕಟ್ಟಿನಲ್ಲಿ ನಡು ವೇಗದಲ್ಲೇ. ನಿನಗೆ ಆದದ್ದೂ ಅಲ್ಲಿಯೇ.

ಎರಡೂ ಕೈ ಇದ್ದಾಗ ಬಾರದ್ದು ಒಂದು ಕೈ ಬಿಟ್ಟಾಗ ಬಂತಲ್ಲ, ಅದೇ ನನಗೆ ಚಿಂತೆ. ಅಂದರೆ ಇಷ್ಟು ದಿನ ನಿನ್ನ ತೋಳುಗಳೇ ನಡುಕ ಹೀರುವ ಡ್ಯಾಂಪರ್ ಆಗಿದ್ದವು, ಗಾಡಿಯ ದೋಷವನ್ನು ಮುಚ್ಚಿದ್ದವು. ಮುಂದಿನ ಚಕ್ರ ನೆಲ ಬಿಡುವಂತೆ ಡಬಲ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿ ಫೋರ್ಕಿನ ಕೆಳತುದಿ ಹಿಡಿದು ಹಿಂದೆ ಮುಂದೆ ಅಲ್ಲಾಡಿಸು. ಟಕ್ ಅಂದರೆ ಕೋನ್ ಸೆಟ್, ಅಂದರೆ ಹ್ಯಾಂಡಲ್ ತಿರುಗುವ ಬೇರಿಂಗ್, ಸಡಿಲ. ಹ್ಯಾಂಡಲ್ ತಿರುಗಿಸುವಾಗ ನಡುವಿನಲ್ಲಿ ಕಚ್ಚಿ ನಿಂತರೆ ಬೇರಿಂಗಿನ ಗುಂಡುಗಳು ಕುಳಿ ಮಾಡಿವೆ, ಹೊಸದು ಹಾಕಿಸು. ಮೆಕ್ಯಾನಿಕ್ ಅತಿಯಾಗಿ ಬಿಗಿ ಮಾಡದಂತೆ ನೋಡು, ಬಿಗಿಯಾದರೆ ವೀವ್ ಬರುತ್ತದೆ. ಟಯರಿನ ಗಾಳಿಯನ್ನು ತಣ್ಣಗಿರುವಾಗ ಅಳೆ. ಹಿಂದಿನ ಚಕ್ರವನ್ನು ಹಿಡಿಯುವ ಸ್ವಿಂಗ್ ಆರ್ಮಿನ ಬುಶ್ಶನ್ನೂ ಒಮ್ಮೆ ನೋಡಲಿ. ಅಮ್ಮ ಕೊಟ್ಟ ತೆಂಗಿನಕಾಯಿ ಚೀಲ ಹಿಂದಿನ ಕ್ಯಾರಿಯರಿಗೆ ಬೇಡ, ಹಿಂದಿನ ಆಕ್ಸಲಿನಾಚೆಯ ಭಾರ ಮುಂದಿನ ಚಕ್ರವನ್ನು ಹಗುರ ಮಾಡುತ್ತದೆ. ಇಷ್ಟೆಲ್ಲ ಹೇಳುವುದು ಅತಿಯಾಯಿತೇನೋ.

ಮತ್ತೆ ನಡುಗಿದರೆ ಮುಂದಿನ ಬ್ರೇಕ್ ಒತ್ತಬೇಡ. ಮೊಣಕಾಲಿನಿಂದ ಟ್ಯಾಂಕ್ ಅದುಮಿ, ಎರಡೂ ಕೈ ಹಗುರವಾಗಿಟ್ಟು, ಆಕ್ಸಿಲರೇಟರ್ ಮೆಲ್ಲಗೆ ಬಿಡು.

ವಾಲುವ ಲೆಕ್ಕ ಸರಿಯಾಗಿ ಉಂಟು: 30 ಮೀಟರ್ ತ್ರಿಜ್ಯದ ತಿರುವಿನಲ್ಲಿ 40 ಕಿಲೋಮೀಟರಿಗೆ 23 ಡಿಗ್ರಿ. ಟಯರಿಗೆ ಅಗಲ ಇರುವುದರಿಂದ ಒಂದೆರಡು ಡಿಗ್ರಿ ಜಾಸ್ತಿ ಹಾಕು. ಅದರ ಬಗ್ಗೆ ನನಗೆ ಹೆದರಿಕೆ ಇಲ್ಲ.

ಕೋನ್ ಸೆಟ್ ನೋಡಿಸುವ ತನಕ ಬಸ್ಸಿನಲ್ಲೇ ಬಾ. ನೋಡಿಸಿದ ದಿನವೇ ಫೋನ್ ಮಾಡು, ಟಕ್ ಅಂದಿತೋ ಕಚ್ಚಿ ನಿಂತಿತೋ ಹೇಳು.

ನಿನ್ನ ಮಾವ