ಹಳೆಯ ಗೇರ್‌ಬಾಕ್ಸ್ ಖರೀದಿ: ಭಾನುವಾರ ಬರುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಬೆಳಿಗ್ಗೆ 9 ಗಂಟೆಗೆ ಗುಜರಿ ಅಂಗಳಕ್ಕೆ ಹೋಗುತ್ತಿದ್ದೇವೆ. ಬಳಸಿದ ಗೇರ್‌ಬಾಕ್ಸ್ ಕೊಳ್ಳುವವರಿಗೆ ಮಾತ್ರ ಈ ಸೂಚನೆ. ಸುಮ್ಮನೆ ನೋಡಬೇಕೆನ್ನುವವರು ಇನ್ನೊಮ್ಮೆ ಬನ್ನಿ.

ನಿಮ್ಮ ಕಾರಿನ ಚಾಸಿ ಸಂಖ್ಯೆ ಮತ್ತು ಈಗಿರುವ ಗೇರ್‌ಬಾಕ್ಸ್ ಮೇಲಿನ ಸಂಕೇತದ ಫೋಟೊ ತೆಗೆದಿಟ್ಟುಕೊಳ್ಳಿ. ಒಂದೇ ಹೆಸರಿನ ಕಾರಾದರೂ ಎಂಜಿನ್ ಅಥವಾ ತಯಾರಾದ ವರ್ಷ ಬೇರೆಯಾದರೆ ಗೇರ್ ಅನುಪಾತವೂ ಬೇರೆ ಇರಬಹುದು. ‘ಎಲ್ಲದಕ್ಕೂ ಕೂರುತ್ತದೆ ಸಾರ್’ ಎಂಬ ಮಾತಿಗೆ ಮರುಳಾಗಬೇಡಿ.

ಆಟೊಮ್ಯಾಟಿಕ್ ಆದರೆ ಮೊದಲು ಎಣ್ಣೆ ನೋಡಿ. ಬಿಳಿ ಬಟ್ಟೆಯ ಮೇಲೆ ಒಂದು ಹನಿ ಸಾಕು. ಕಪ್ಪಾಗಿ ಸುಟ್ಟ ವಾಸನೆ ಬಂದರೆ ಒಳಗಿನ ಕ್ಲಚ್‌ಗಳು ಸವೆದಿರುವ ಸಾಧ್ಯತೆ ಹೆಚ್ಚು. ಹಾಲು ಬೆರೆಸಿದ ಗುಲಾಬಿ ಬಣ್ಣವಿದ್ದರೆ ನೀರು ಸೇರಿದೆ; ಪುಕ್ಕಟೆ ಕೊಟ್ಟರೂ ಬೇಡ. ಟಾರ್ಕ್ ಕನ್ವರ್ಟರ್ (ಎಂಜಿನ್‌ನ ಬಲವನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸ್‌ಗೆ ದಾಟಿಸುವ ಭಾಗ) ಬೆಲೆಯಲ್ಲಿ ಸೇರಿದೆಯೇ ಎಂದು ಮೊದಲೇ ಕೇಳಿ.

ಮ್ಯಾನ್ಯುವಲ್ ಆದರೆ ಪ್ರತಿ ಗೇರ್ ಹಾಕಿ ಶಾಫ್ಟ್ ತಿರುಗಿಸಿ. ಎಣ್ಣೆ ಬಸಿಯಲು ಬಿಚ್ಚುವ ಡ್ರೈನ್ ಬೋಲ್ಟ್‌ನ ಅಯಸ್ಕಾಂತದಲ್ಲಿ ನುಣ್ಣನೆಯ ಬೂದು ಹುಡಿ ಇರುವುದು ಸಹಜ, ಲೋಹದ ಚೂರು ಸಿಕ್ಕರೆ ಅದನ್ನು ಬಿಟ್ಟು ಮುಂದೆ ನಡೆಯಿರಿ.

ನನ್ನ ಕೇಳಿದರೆ ಅಪಘಾತವಾದ ಕಾರಿನದೇ ವಾಸಿ: ಪೆಟ್ಟು ಬೀಳುವವರೆಗೆ ಅದು ಓಡುತ್ತಿತ್ತಲ್ಲ! ಆದರೆ ಹೊರಕವಚದಲ್ಲಿ, ಬೋಲ್ಟ್ ಕೂರುವ ಕಡೆಗಳಲ್ಲಿ ಬಿರುಕು ಹುಡುಕಿ. ಟಾರ್ಚ್ ತನ್ನಿ.

ರಸೀದಿಯಲ್ಲಿ ಗೇರ್‌ಬಾಕ್ಸ್ ಸಂಖ್ಯೆ ಮತ್ತು ವಾಪಸಾತಿಯ ಅವಧಿ ಬರೆಸಿಕೊಳ್ಳಲೇಬೇಕು, ಬಾಯಿಮಾತು ನಡೆಯುವುದಿಲ್ಲ.

ಬರುವವರು ಶುಕ್ರವಾರ ಸಂಜೆಯೊಳಗೆ ಕಾರಿನ ಮಾದರಿ ಮತ್ತು ವರ್ಷವನ್ನು ಇಲ್ಲೇ ತಿಳಿಸಿ. ಸಾಮಾನು ಸಾಗಿಸುವ ವಾಹನ ಯಾರ ಬಳಿಯಾದರೂ ಇದ್ದರೆ ದಯವಿಟ್ಟು ಹೇಳಿ.