ಅವಿವಾಹಿತೆಯ ಬಿಡುವು

ಮಾನ್ಯ ಸಂಪಾದಕರೇ,

ಮದುವೆಯಾಗದ ಯುವತಿಗೆ ಬೇಕಾದಷ್ಟು ಬಿಡುವಿದೆ ಎಂಬ ನಂಬಿಕೆಯನ್ನು ಕುಟುಂಬದವರೂ ಗೆಳತಿಯರೂ ಬಿಡಬೇಕೆಂದು ಕೋರಿ ಈ ಪತ್ರ ಬರೆಯುತ್ತಿದ್ದೇನೆ. ಅಪ್ಪನನ್ನು ಆಸ್ಪತ್ರೆಗೆ ಕರೆದೊಯ್ಯುವುದು, ಅಕ್ಕನ ಮಗುವನ್ನು ನೋಡಿಕೊಳ್ಳುವುದು, ರಜಾ ದಿನದ ಪಾಳಿಗೆ ಹೋಗುವುದು, ಇವೆಲ್ಲ ನನ್ನನ್ನು ಕೇಳದೆಯೇ ನನ್ನ ಪಾಲಿಗೆ ಬರುತ್ತವೆ. ಪ್ರೀತಿಯಿಂದಲೇ ಮಾಡುತ್ತೇನೆ, ಆದರೆ ನನಗೆ ಜ್ವರ ಬಂದ ರಾತ್ರಿ ನೀರು ಕಾಯಿಸಿಕೊಳ್ಳುವವಳೂ ನಾನೊಬ್ಬಳೇ ಎಂಬುದು ಯಾರಿಗೂ ನೆನಪಾಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2023ರಲ್ಲಿ ಸಾಮಾಜಿಕ ಸಂಬಂಧಗಳ ಕುರಿತು ಆಯೋಗವನ್ನೇ ರಚಿಸಿ, ಒಂಟಿತನವನ್ನು ಆರೋಗ್ಯದ ಪ್ರಶ್ನೆಯಾಗಿ ಪರಿಗಣಿಸಿತು. ಒಬ್ಬಳೇ ಬಾಳುವುದು ನನಗೆ ಇಷ್ಟವೇ. ಒಂಟಿತನ ಕಾಡುವುದು ಮದುವೆಯಾದ ಗೆಳತಿಯರ ಕರೆಗಳು ಒಂದೊಂದಾಗಿ ನಿಂತುಹೋದಾಗ. ಮನೆಯವರು ‘ಮದುವೆ ಯಾವಾಗ’ ಎಂದು ಕೇಳುವ ಮೊದಲು ‘ಹೇಗಿದ್ದೀಯ’ ಎಂದು ಕೇಳಿ, ಉತ್ತರ ಮುಗಿಯುವವರೆಗೆ ಪಕ್ಕದಲ್ಲಿ ಕೂರಲಿ ಎಂದು ವಿನಂತಿಸುತ್ತೇನೆ.

ಇಂತಿ,
ಒಬ್ಬ ಓದುಗಿ