ಹೂವಿನ ಮಡಿಗೆ ಕೈ ಹಾಕುವ ಮುನ್ನ: ಮಗಳಿಗೊಂದು ಪತ್ರ

ಮಗಳೇ,

ಕೈಲ್‌ಪೊಳ್ದ್ ಹಬ್ಬ ಮುಗಿಯಿತು, ಇನ್ನು ಮಳೆ ಬಿಟ್ಟುಬಿಟ್ಟು ಬರುತ್ತದೆ. ಹೊಸ ಮನೆಯ ಮುಂದೆ ಹೂವಿನ ತೋಟ ಮಾಡಿದರೆ ಮಡಿಕೇರಿ ಚಳಿಗೆ ಗಿಡ ಉಳಿಯುತ್ತಾ ಅಂತ ಕೇಳಿದೆಯಲ್ಲ. ನಮ್ಮ ಚಳಿ ಹೂವಿಗೆ ಒಳ್ಳೆಯದೇ. ರಾತ್ರಿ ತಂಪಿದ್ದರೆ ಪ್ಯಾನ್ಸಿ, ಫ್ಲಾಕ್ಸ್, ಡೇಲಿಯಾ ಬಣ್ಣ ಗಾಢವಾಗುತ್ತದೆ, ಹೂ ಹೆಚ್ಚು ದಿನ ನಿಲ್ಲುತ್ತದೆ. ಇಲ್ಲಿ ಗಿಡ ಸಾಯುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನೀರಿಗೆ. ಬೇರಿಗೆ ಗಾಳಿ ಸಿಗದೆ ಕೊಳೆಯುತ್ತದೆ. ಮೊದಲು ನೀರಿಗೆ ದಾರಿ ಮಾಡು, ಆಮೇಲೆ ಗಿಡ ತಾ.

ಇಳಿಜಾರಿಗೆ ಅಡ್ಡಲಾಗಿ ಮೂರಡಿ ಅಗಲ, ಒಂದಡಿ ಎತ್ತರದ ಏರುಮಡಿ ಮಾಡಿಸು. ಮೇಲ್ಬದಿಗೆ ಒಂದು ಚರಂಡಿ ಇರಲಿ. ಮಡಿ ಸೂರಿನ ನೀರು ಬೀಳುವ ಗೆರೆಯಿಂದ ಎರಡಡಿ ದೂರವಿರಲಿ. ಎರಡು ಬುಟ್ಟಿ ಕೆಂಪು ಮಣ್ಣಿಗೆ ಒಂದು ಬುಟ್ಟಿ ಹಳೆಯ ಕೊಟ್ಟಿಗೆ ಗೊಬ್ಬರ, ಒಂದು ಬುಟ್ಟಿ ಮರಳು. ಕಾಫಿ ಸಿಪ್ಪೆ ಸುಮ್ಮನೆ ಸಿಗುತ್ತದೆಂದು ಹಾಗೇ ಸುರಿಯಬೇಡ. ಕೊಳೆಯುವಾಗ ಅದು ಬಿಸಿಯಾಗುತ್ತದೆ, ಮಣ್ಣಿನ ಸಾರಜನಕ ಎಳೆದುಕೊಂಡು ಎಲೆ ಹಳದಿ ಮಾಡುತ್ತದೆ. ಸಗಣಿ ಜೊತೆ ಗುಂಡಿಯಲ್ಲಿ ಕೊಳೆತು, ಕಪ್ಪಾಗಿ, ಹಿಸುಕಿದರೆ ಪುಡಿಯಾಗುವಂತಾದ ಮೇಲೆ ಹಾಕು.

ಪಿಟೂನಿಯಾ, ಪ್ಯಾನ್ಸಿ, ಸಾಲ್ವಿಯಾ ಬೀಜ ಸೆಪ್ಟೆಂಬರ್ ಕೊನೆಗೆ, ಸೂರಿನ ಕೆಳಗೆ ಟ್ರೇಯಲ್ಲಿ ಬಿತ್ತು. ಪಿಟೂನಿಯಾ ಬೀಜ ಧೂಳಿನಷ್ಟು ಸಣ್ಣದು, ಮೊಳೆಯಲು ಬೆಳಕು ಬೇಕು. ಒಣ ಮರಳಿನಲ್ಲಿ ಬೆರೆಸಿ ಉದುರಿಸಿ ಅಂಗೈಯಿಂದ ಒತ್ತಿದರೆ ಸಾಕು, ಮೇಲೆ ಮಣ್ಣು ಮುಚ್ಚಬೇಡ. ಸಸಿಗಳ ಬುಡ ದಾರದಂತೆ ಸಣ್ಣಗಾಗಿ ಮಲಗಿದರೆ ಅದು ಬುಡಕೊಳೆ. ನೀರು ಹೆಚ್ಚಾಗಿದೆ, ಸಸಿ ಒತ್ತಾಗಿದೆ ಅಂತ ಅರ್ಥ. ಮಲಗಿದ್ದನ್ನು ತೆಗೆದು, ಲೀಟರ್ ನೀರಿಗೆ 3 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ ಎಂಬ ಶಿಲೀಂಧ್ರನಾಶಕ ಕಲಸಿ ಉಳಿದದ್ದಕ್ಕೆ ಹಾಕು. ನಾಲ್ಕಾರು ಎಲೆ ಬಂದ ಸಸಿಯನ್ನು ಅಕ್ಟೋಬರ್ ನಡುವಿನ ಕಾವೇರಿ ಸಂಕ್ರಮಣ ಕಳೆದ ಮೇಲೆ ಮಡಿಗೆ ಇಳಿಸು. ನವೆಂಬರ್ ಕೊನೆ, ಡಿಸೆಂಬರ್ ಮೊದಲಿಗೆ ಬರುವ ಹುತ್ತರಿ ಹಬ್ಬದ ಆಸುಪಾಸಿಗೆ ಮೊಗ್ಗು ಕಾಣುತ್ತದೆ.

ಹೈಡ್ರೇಂಜಿಯಾ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮದು ಹುಳಿ ಮಣ್ಣು. ಹುಳಿ ಮಣ್ಣಿನಲ್ಲಿ ಅಲ್ಯೂಮಿನಿಯಂ ಕರಗಿ ಬೇರಿಗೆ ಸಿಗುವುದರಿಂದ ಹೂ ನೀಲಿ. ಮಣ್ಣಿನ ಹುಳಿ ಅಳೆಯುವ ರಸಸಾರ (ಪಿಎಚ್) 5.5ರ ಕೆಳಗಿದ್ದರೆ ನೀಲಿ, 6.5 ದಾಟಿದರೆ ಗುಲಾಬಿ, ನಡುವೆ ನೇರಳೆ. ಬಿಳಿ ಜಾತಿ ಮಾತ್ರ ಯಾವ ಮಣ್ಣಿಗೂ ಬದಲಾಗುವುದಿಲ್ಲ. ನಿನ್ನದು ಹೊಸ ಕಟ್ಟಡ. ಗೋಡೆ ಬುಡದಲ್ಲಿ ಉದುರಿದ ಸಿಮೆಂಟ್ ಮಣ್ಣಿನ ಹುಳಿ ಮುರಿಯುತ್ತದೆ. ಒಂದೇ ಗಿಡದ ಕಡ್ಡಿ ಗೋಡೆ ಪಕ್ಕ ಗುಲಾಬಿ, ಬೇಲಿ ಪಕ್ಕ ನೀಲಿ ಬಿಟ್ಟರೆ ಆಶ್ಚರ್ಯಪಡಬೇಡ. ಗುಲಾಬಿ ಬಣ್ಣವೇ ಬೇಕಾದರೆ ಬುಡದ ಸುತ್ತ ಒಂದು ಹಿಡಿ ಕೃಷಿ ಸುಣ್ಣ ಹಾಕಿ ಕಾಯಬೇಕು, ತಿಂಗಳುಗಟ್ಟಲೆ ಹಿಡಿಯುತ್ತದೆ. ನೀಲಿ ಬೇಕಾದರೆ ಎಲುಬಿನ ಪುಡಿ ಹಾಕಬೇಡ, ಅದರ ರಂಜಕ ಅಲ್ಯೂಮಿನಿಯಂ ಅನ್ನು ಕಟ್ಟಿಹಾಕುತ್ತದೆ. ಕತ್ತರಿಸುವುದಿದ್ದರೆ ಹೂ ಬಾಡಿದ ಕೂಡಲೇ ಕತ್ತರಿಸು. ಮುಂದಿನ ಮೊಗ್ಗು ಹಳೆಯ ಕಡ್ಡಿಯ ತುದಿಯಲ್ಲಿರುತ್ತದೆ. ತಡಮಾಡಿ ಸವರಿದರೆ ಆ ವರ್ಷ ಬರೀ ಎಲೆ.

ಸೇವಂತಿಗೆಯನ್ನು ಜಗಲಿಯ ದೀಪದಿಂದ ದೂರ ಇಡು. ಅದು ಮೊಗ್ಗು ಕಟ್ಟಲು ಉದ್ದ ರಾತ್ರಿಯ ಕತ್ತಲೆ ಬೇಕು. ಇರುಳೆಲ್ಲ ಬಲ್ಬ್ ಉರಿದರೆ ಗಿಡ ಎತ್ತರಕ್ಕೆ ಹೋಗುತ್ತದೆ, ಹೂ ಬಿಡುವುದಿಲ್ಲ. ಚಳಿಗಾಲದಲ್ಲಿ ಎಲ್ಲ ಗಿಡಕ್ಕೂ ಬೆಳಿಗ್ಗೆಯೇ ನೀರು ಹಾಕು. ಸಂಜೆ ಹಾಕಿದರೆ ಇಬ್ಬನಿಯೂ ಸೇರಿ ಎಲೆ ರಾತ್ರಿಯಿಡೀ ಒದ್ದೆಯಾಗಿ ಬೂಷ್ಟು ಹಿಡಿಯುತ್ತದೆ.

ಮಳೆಗಾಲದ ಬಣ್ಣಕ್ಕೆ ಕ್ಯಾನಾ, ಕರ್ಣಕುಂಡಲ, ಸೂರಿನಡಿ ಬಿಗೋನಿಯಾ ಸಾಕು.

ಡೇಲಿಯಾ ಗೆಡ್ಡೆ ಈ ವಾರ ಕಳಿಸುತ್ತೇನೆ. ಮೊಳಕೆಯ ಕಣ್ಣು ಗೆಡ್ಡೆಯ ಮೈಮೇಲಿರುವುದಿಲ್ಲ, ಕಾಂಡ ಸೇರುವ ಕುತ್ತಿಗೆಯಲ್ಲಿರುತ್ತದೆ. ಕುತ್ತಿಗೆ ಮುರಿದದ್ದನ್ನು ಬಿಸಾಡು. ಅಕ್ಟೋಬರ್‌ನಲ್ಲಿ ಮಳೆ ತಗ್ಗಿದ ಮೇಲೆ ನಾಲ್ಕು ಇಂಚು ಆಳಕ್ಕೆ ಮಲಗಿಸಿ ನೆಡು. ಗೂಟ ಆಗಲೇ ಹೊಡೆದುಬಿಡು. ಆಮೇಲೆ ಹೊಡೆದರೆ ಗೆಡ್ಡೆಗೇ ತಾಗುತ್ತದೆ. ಮೊಳಕೆ ಕಾಣುವವರೆಗೆ ನೀರು ಹಾಕಬೇಡ. ನಾಲ್ಕು ಜೊತೆ ಎಲೆ ಬಂದಾಗ ಕುಡಿ ಚಿವುಟಿದರೆ ಕವಲೊಡೆಯುತ್ತದೆ. ಮುಂದಿನ ಮೇ ಕೊನೆಯೊಳಗೆ, ಮುಂಗಾರು ಹಿಡಿಯುವ ಮುಂಚೆ, ಗೆಡ್ಡೆ ಕಿತ್ತು ನೆರಳಲ್ಲಿ ಒಣಗಿಸಿ ಒಣ ಮರಳಲ್ಲಿ ಹೂತಿಡು. ಒಂದೊಂದಕ್ಕೂ ಬಣ್ಣ ಬರೆದ ಚೀಟಿ ಕಟ್ಟಿದ್ದೇನೆ, ನೆಡುವಾಗ ಚೀಟಿಯನ್ನು ಗೂಟಕ್ಕೆ ಕಟ್ಟಿಬಿಡು.

ಅಮ್ಮ